ಆಧಿ, ವ್ಯಾಧಿ ಮತ್ತು ಪ್ರಾಣ

(ಚಾತುರ್ಮಾಸ್ಯದ ಉಪನ್ಯಾಸವೊಂದರ ಬರಹರೂಪ)

॥ ಶ್ರೀ ಗುರುಭ್ಯೋ ನಮಃ ॥ ಹರಿಃ ಓಂ ॥



ಭಗವದ್ಗೀತೆಯ ಪ್ರವಚನ ಮಾಡುವವರೂ ಕೇಳುವವರೂ ಮೊದಲನೆಯ ಅಧ್ಯಾಯವನ್ನು ಸಾಮಾನ್ಯವಾಗಿ ಬೇಗನೆ ದಾಟಿಬಿಡುತ್ತಾರೆ. ಶಂಖಗಳ ಹೆಸರು, ಸೇನಾನಾಯಕರ ಹೆಸರು, ಇವಿಷ್ಟೇ ಅಲ್ಲಿರುವುದೆಂದು ಭಾವಿಸಿ, ಭಗವಂತನ ಉಪದೇಶವಿರುವ ಎರಡನೆಯ ಅಧ್ಯಾಯಕ್ಕೆ ಧಾವಿಸುತ್ತಾರೆ. ನಾನೂ ಬಹುಕಾಲ ಹಾಗೆಯೇ ಮಾಡಿದವನು. ಆದರೆ ಅಲ್ಲಿ ಅರ್ಜುನನು ತನ್ನ ಸ್ಥಿತಿಯನ್ನು ಶ್ರೀಕೃಷ್ಣನ ಮುಂದೆ ನಿವೇದಿಸಿಕೊಳ್ಳುವ ಕ್ರಮವನ್ನು ಸ್ವಲ್ಪ ನಿಧಾನವಾಗಿ ಗಮನಿಸಬೇಕು. ಧರ್ಮಾಧರ್ಮಗಳ ವಾದವನ್ನು ಅವನು ಮೊದಲು ಎತ್ತುವುದಿಲ್ಲ. ಅಂಗಾಂಗಗಳು ಕುಸಿಯುತ್ತಿವೆ, ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ರೋಮಗಳು ನಿಮಿರಿವೆ, ಗಾಂಡೀವ ಕೈಯಿಂದ ಜಾರುತ್ತಿದೆ, ಚರ್ಮ ಉರಿಯುತ್ತಿದೆ, ನಿಲ್ಲಲೂ ಆಗುತ್ತಿಲ್ಲ ಎಂದು ಇಷ್ಟನ್ನೂ ಹೇಳಿದ ಮೇಲೆ ಮನಸ್ಸು ಸುತ್ತುತ್ತಿದೆ ಎನ್ನುತ್ತಾನೆ. ಏಳು ಮಾತುಗಳು ಶರೀರದವು. ಎಂಟನೆಯದು ಮಾತ್ರ ಮನಸ್ಸಿನದು. ಇಂದ್ರಾಂಶಸಂಭೂತನಾದ, ಸಾಕ್ಷಾತ್ ಭಗವಂತನನ್ನೇ ಸಾರಥಿಯಾಗಿ ಪಡೆದ ಮಹಾವೀರನಿಗೇ ಹೀಗಾಯಿತು ಎಂಬುದನ್ನು ನೆನಪಿನಲ್ಲಿಡೋಣ. ಅವನಿಗೆ ದೇವರಲ್ಲಿ ವಿಶ್ವಾಸವಿರಲಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ಆ ಧೈರ್ಯ ನನಗೆ ಒಮ್ಮೆ ಇತ್ತು. ಅದನ್ನು ಈ ವೇದಿಕೆಯಲ್ಲಿಯೇ ಹೇಳಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ, ಇದೇ ರೀತಿಯ ಉಪನ್ಯಾಸ ಮುಗಿದ ಮೇಲೆ, ನಲವತ್ತು ದಾಟಿದ ಗೃಹಿಣಿಯೊಬ್ಬರು ನಮಸ್ಕರಿಸಿ ನಿಂತು, “ಆಚಾರ್ಯರೇ, ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ರಾತ್ರಿ ನಿದ್ರೆಯಿಲ್ಲ. ಏನೋ ಅನಾಹುತವಾಗಿಬಿಡುತ್ತದೆ ಎಂಬ ಭಯ ಬಿಡುವುದೇ ಇಲ್ಲ” ಎಂದರು. ಮನೆಯಲ್ಲಿ ತೊಂದರೆಯೇನಾದರೂ ಇದೆಯೇ ಎಂದು ಕೇಳಿದೆ. ಇಲ್ಲವೆಂದರು. ಅಷ್ಟಕ್ಕೇ ನಾನು, “ತಾಯಿ, ಸಮಸ್ತವೂ ಶ್ರೀಹರಿಯ ಅಧೀನವೆಂಬ ನಂಬಿಕೆ ನಿಮ್ಮಲ್ಲಿ ದೃಢವಾಗಿಲ್ಲ, ಅದು ದೃಢವಾದರೆ ಭಯ ತಾನಾಗಿ ಹೋಗುತ್ತದೆ” ಎಂದು ಹೇಳಿ, ನಲವತ್ತೆಂಟು ದಿನಗಳ ವಾಯುಸ್ತುತಿ ಪಾರಾಯಣವನ್ನು ವಿಧಿಸಿದೆ. ಆ ತಾಯಿ ಶ್ರದ್ಧೆಯಿಂದ ಮಾಡಿದರು. ಒಂದು ಮಂಡಲ ಮುಗಿದರೂ ಗುಣವಾಗದಿರಲು, ತಮ್ಮ ಭಕ್ತಿಯಲ್ಲಿಯೇ ಲೋಪವಿದೆಯೆಂದು ಬಗೆದು ಎರಡನೆಯ ಮಂಡಲ ಹಿಡಿದರು. ಮರುವರ್ಷ ನೋಡಿದಾಗ ಗುರುತು ಹತ್ತದಷ್ಟು ಕೃಶರಾಗಿದ್ದರು. ಮಗನು ಬಲವಂತದಿಂದ ವೈದ್ಯರಲ್ಲಿಗೆ ಕರೆದೊಯ್ದನಂತೆ. ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಅಳತೆ ಮೀರಿ ರಸವನ್ನು ಸುರಿಸುತ್ತಿದೆಯೆಂದು ಒಂದು ರಕ್ತಪರೀಕ್ಷೆಯಿಂದಲೇ ತಿಳಿದುಬಂದಿತು. ಎದೆಬಡಿತ, ನಡುಕ, ಬೆವರು, ನಿದ್ರಾಭಂಗ, ಕಾರಣ ತಿಳಿಯದ ಕಳವಳ, ಊಟ ಮಾಡಿದರೂ ಮೈ ಇಳಿಯುವುದು ಇವೆಲ್ಲವೂ ಆ ವ್ಯಾಧಿಯ ಲಕ್ಷಣಗಳು. ಮಾತ್ರೆಗಳನ್ನು ಸೇವಿಸತೊಡಗಿದ ಕೆಲವು ವಾರಗಳಲ್ಲಿ ಭಯವು ಇಳಿಯಿತು.

ಅವರು ನನ್ನನ್ನು ದೂರಲಿಲ್ಲ. “ಹಾಗಾದರೆ ನಾನು ಮಾಡಿದ ಪಾರಾಯಣ ವ್ಯರ್ಥವೇ?” ಎಂದಷ್ಟೇ ಕೇಳಿದರು. ಪಾರಾಯಣ ವ್ಯರ್ಥವಲ್ಲ, ನಾನು ಹೇಳಿದ ಮಾತು ವ್ಯರ್ಥ ಎಂದು ಉತ್ತರಿಸಿದೆ. ರೋಗವನ್ನು ಅಪರಾಧವೆಂದು ಕರೆದು ಒಂದು ವರ್ಷಕಾಲ ಆ ತಾಯಿಯ ತಲೆಯ ಮೇಲೆ ಹೊರಿಸಿದ್ದೆನಲ್ಲ, ಆ ಭಾರ ಇಂದಿಗೂ ನನ್ನ ಮನಸ್ಸಿನಿಂದ ಇಳಿದಿಲ್ಲ. ಇಂದಿನ ವಿಷಯವನ್ನು ಆರಿಸಿಕೊಂಡದ್ದು ಆ ಕಾರಣದಿಂದಲೇ.

ನಮ್ಮ ಹಿರಿಯರು ಮನಸ್ಸಿನ ಬೇನೆಗೆ ಆಧಿ ಎಂದೂ ಶರೀರದ ಬೇನೆಗೆ ವ್ಯಾಧಿ ಎಂದೂ ಹೆಸರಿಟ್ಟರು. ಆದರೆ ತಾಪತ್ರಯಗಳನ್ನು ಎಣಿಸುವಾಗ ಈ ಎರಡನ್ನೂ ಆಧ್ಯಾತ್ಮಿಕ ತಾಪವೆಂಬ ಒಂದೇ ಕಡೆ ಸೇರಿಸಿದರು. ಎರಡಕ್ಕೂ ಮನೆ ಒಂದೇ. ನಡುವೆ ಬಾಗಿಲು ಸದಾ ತೆರೆದಿದೆ. ಮಹಾಭಾರತದ ವನಪರ್ವದಲ್ಲಿ, ಅರಣ್ಯಕ್ಕೆ ಹೊರಟ ಯುಧಿಷ್ಠಿರನಿಗೆ ಶೌನಕನು ಒಂದು ದೃಷ್ಟಾಂತವನ್ನು ಕೊಡುತ್ತಾನೆ. ಕಾದ ಕಬ್ಬಿಣದ ಗುಂಡನ್ನು ಕೊಡದೊಳಗೆ ಹಾಕಿದರೆ ಕೊಡದ ನೀರೆಲ್ಲ ಹೇಗೆ ಕಾಯುವುದೋ ಹಾಗೆ ಮನಸ್ಸಿನ ದುಃಖವು ಶರೀರವನ್ನು ಸುಡುತ್ತದೆಯೆಂದು ಅದರ ತಾತ್ಪರ್ಯ. ಇದು ಮನಸ್ಸಿನಿಂದ ದೇಹಕ್ಕೆ ಹರಿಯುವ ದಾರಿ. ಇದನ್ನು ಎಲ್ಲರೂ ಬಲ್ಲರು. ದೇಹದಿಂದ ಮನಸ್ಸಿಗೆ ಹರಿಯುವ ದಾರಿಯೂ ಒಂದುಂಟು. ಅದನ್ನು ಹೇಳಿದುದು ಸ್ವಯಂ ಉಪನಿಷತ್ತು.

ಛಾಂದೋಗ್ಯದ ಆರನೆಯ ಅಧ್ಯಾಯವೆಂದರೆ ಮಾಧ್ವರಿಗೆ ತತ್ಕ್ಷಣ ನೆನಪಾಗುವುದು ಉದ್ದಾಲಕ-ಶ್ವೇತಕೇತುಗಳ ಸಂವಾದ, ಹಾಗೂ ಶ್ರೀಮದಾಚಾರ್ಯರು ಅಲ್ಲಿ ಜೀವೇಶ್ವರಭೇದವನ್ನು ಎತ್ತಿ ತೋರಿದ ಸಂದರ್ಭ. ಆದರೆ ಆ ಮಹಾಪ್ರಮೇಯಕ್ಕೆ ಹೋಗುವ ಮೊದಲು ಉದ್ದಾಲಕನು ಮಗನಿಂದ ಒಂದು ಪ್ರಯೋಗವನ್ನೇ ಮಾಡಿಸುತ್ತಾನೆ. ಹದಿನೈದು ದಿನ ಊಟ ಮಾಡಬೇಡ, ನೀರನ್ನು ಮಾತ್ರ ಬೇಕಾದಷ್ಟು ಕುಡಿ ಎಂದು ಹೇಳುತ್ತಾನೆ. ಹದಿನೈದು ದಿನ ಕಳೆದ ಮೇಲೆ, ಹನ್ನೆರಡು ವರ್ಷ ವೇದಾಧ್ಯಯನ ಮಾಡಿ ಬಂದ ಆ ಶ್ವೇತಕೇತುವಿಗೆ ಒಂದು ಮಂತ್ರವೂ ತೋಚುವುದಿಲ್ಲ. ಉಂಡು ಬಂದ ಮೇಲೆ ಕೇಳಿದ್ದೆಲ್ಲವೂ ತೋಚುತ್ತದೆ. ತಿಂದ ಅನ್ನದ ಸೂಕ್ಷ್ಮಭಾಗವೇ ಮನಸ್ಸನ್ನು ಪೋಷಿಸುತ್ತದೆಯೆಂದು ತಂದೆಯು ಆಗ ವಿವರಿಸುತ್ತಾನೆ. ಇಲ್ಲಿ ಒಂದು ಮಾತನ್ನು ಗಮನಿಸಿ: ಮಂತ್ರ ತೋಚದಿದ್ದಾಗ ಉದ್ದಾಲಕನು ಮಗನಿಗೆ, “ನಿನಗೆ ಶ್ರದ್ಧೆ ಸಾಲದು” ಎನ್ನಲಿಲ್ಲ. ಹೋಗಿ ಊಟ ಮಾಡಿಬಾ ಎಂದನು.

ಮುಂದೆ ಅವನೇ ಸೂತ್ರಕ್ಕೆ ಕಟ್ಟಿದ ಪಕ್ಷಿಯ ದೃಷ್ಟಾಂತವನ್ನು ಹೇಳುತ್ತಾನೆ. ಹಕ್ಕಿಯು ದಿಕ್ಕುದಿಕ್ಕಿಗೆ ಹಾರಿ, ಎಲ್ಲಿಯೂ ನೆಲೆ ಕಾಣದೆ, ತನ್ನನ್ನು ಕಟ್ಟಿದ ಗೂಟಕ್ಕೇ ಮರಳುವಂತೆ ಮನಸ್ಸು ಅಲೆದಲೆದು ಪ್ರಾಣವನ್ನೇ ಆಶ್ರಯಿಸುತ್ತದೆ. ಭೇದವನ್ನು ಸಾಧಿಸಲು ಶ್ರೀಮದಾಚಾರ್ಯರು ಗ್ರಹಿಸಿದ ದೃಷ್ಟಾಂತಗಳಲ್ಲಿ ಇದೇ ಮೊದಲನೆಯದು. ಹಕ್ಕಿ ಬೇರೆ, ದಾರ ಬೇರೆ, ಹಕ್ಕಿಗೆ ದಾರವೇ ಆಧಾರ. ಇಂದಿನ ವಿಷಯಕ್ಕೆ ಇದರಿಂದ ದೊರೆಯುವುದು ಇಷ್ಟು: ಹಾರುವ ಹಕ್ಕಿಯನ್ನು ಗಾಳಿಯಲ್ಲಿ ಹಿಡಿಯಹೋದರೆ ಸಿಕ್ಕದು; ದಾರವನ್ನು ಹಿಡಿದರೆ ಮೆಲ್ಲಗೆ ಇಳಿದುಬರುತ್ತದೆ. ಕಳವಳಗೊಂಡವನಿಗೆ “ಯೋಚನೆ ಮಾಡಬೇಡ, ಯೋಚನೆ ಮಾಡಬೇಡ” ಎಂದು ಮನೆಯವರೆಲ್ಲರೂ ಹೇಳುವುದುಂಟಷ್ಟೆ. ಅದು ಗಾಳಿಯಲ್ಲಿ ಹಕ್ಕಿ ಹಿಡಿಯುವ ಸಾಹಸ.

ಭಯಗೊಂಡಾಗ ಶರೀರದಲ್ಲಿ ನಡೆಯುವುದೇನು? ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಎಂಬ ಚಿಕ್ಕ ಗ್ರಂಥಿಗಳಿವೆ. ಅಪಾಯ ಕಂಡೊಡನೆ ನರಗಳ ಸೂಚನೆಯಂತೆ ಅವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯವು ವೇಗವಾಗಿ ಬಡಿಯುತ್ತದೆ. ಹೊಟ್ಟೆಯ ಕಡೆಯ ರಕ್ತವು ಕೈಕಾಲುಗಳ ಮಾಂಸಖಂಡಗಳಿಗೆ ತಿರುಗುತ್ತದೆ. ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ಹೊರಬಿಡುತ್ತದೆ. ಬಾಯಿ ಒಣಗುತ್ತದೆ, ರೋಮಗಳು ನಿಮಿರುತ್ತವೆ. ಅರ್ಜುನನು ಹೇಳಿದ ಲಕ್ಷಣಗಳೇ ಅಲ್ಲವೆ? ಹೋರಾಟಕ್ಕೋ ಪಲಾಯನಕ್ಕೋ ಶರೀರವು ಹೀಗೆ ಸಿದ್ಧವಾಗುವುದನ್ನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಎಂಬವರು ೧೯೧೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದರು. ಹುಲಿಯೆದುರು ನಿಂತವನಿಗೆ ಇದು ಭಗವಂತನಿತ್ತ ರಕ್ಷೆ. ಆದರೆ ಮಗಳ ವಿವಾಹ, ಮಗನ ಪರೀಕ್ಷೆಯ ಫಲ, ಸಾಲದ ಕಂತು ಇವು ಹುಲಿಗಳಲ್ಲ. ಇವುಗಳೆದುರು ಓಡಲು ಬರುವುದಿಲ್ಲ, ಹೊಡೆದಾಡಲೂ ಬರುವುದಿಲ್ಲ. ದೇಹವು ಓಟಕ್ಕೆ ಸಜ್ಜಾಗಿ ಕುರ್ಚಿಯಲ್ಲಿಯೇ ಕುಳಿತಿರುತ್ತದೆ. ಹೀಗೆ ದಿನವೂ ಆಗುತ್ತಿದ್ದರೆ ಎಚ್ಚರಿಕೆಯ ಗಂಟೆಯು ಹುಲಿಯಿಲ್ಲದಿದ್ದರೂ ಬಾರಿಸುವ ಅಭ್ಯಾಸಕ್ಕೆ ಬೀಳುತ್ತದೆ.

ಹುಲಿಯೂ ಇಲ್ಲ, ಸಾಲವೂ ಇಲ್ಲ, ಆದರೂ ಗಂಟೆ ಬಾರಿಸುವುದುಂಟು. ಇದಕ್ಕೆ ನನ್ನದೇ ಅನುಭವವನ್ನು ಹೇಳುತ್ತೇನೆ. ಐವತ್ತಾರನೆಯ ವಯಸ್ಸಿನಲ್ಲಿ, ಒಂದು ಸಪ್ತಾಹದ ನಡುವೆ, ರಾತ್ರಿ ಒಂದೂವರೆ ಗಂಟೆಗೆ ಎದೆ ಡಂಗುರದಂತೆ ಹೊಡೆದುಕೊಳ್ಳುತ್ತಾ ಎಚ್ಚರವಾಯಿತು. ಅಂತ್ಯಕಾಲವೇ ಬಂದಿತೆಂದು ನಾರಾಯಣಸ್ಮರಣೆಗೆ ತೊಡಗಿದೆ. ನಾಲಗೆ ಒಣಗಿ ನಾಮವೂ ಸರಿಯಾಗಿ ಹೊರಡಲಿಲ್ಲ. ಮರುದಿನ ವೈದ್ಯರು ಇ.ಸಿ.ಜಿ. ತೆಗೆಸಿದರು, ರಕ್ತಪರೀಕ್ಷೆ ಮಾಡಿಸಿದರು, ದೋಷವೇನೂ ಕಾಣಲಿಲ್ಲ. ಕೊನೆಗೆ ಆ ತರುಣ ವೈದ್ಯರು, ದಿನಕ್ಕೆ ಎಷ್ಟು ಕಾಫಿ ಎಂದು ಕೇಳಿದರು. ಎರಡು ಮೂರು ಎಂದೆ. ಪಕ್ಕದಲ್ಲಿದ್ದ ನಮ್ಮ ಮನೆಯವರು ಬೆರಳು ಮಡಿಸಿ ಲೆಕ್ಕ ಹಾಕಿದಾಗ ಎಂಟು ಲೋಟವಾಯಿತು. ಸಪ್ತಾಹದ ದಿನಗಳಲ್ಲಿ ಉಪನ್ಯಾಸಕ್ಕೆ ಮೊದಲೊಂದು, ಮುಗಿದ ಮೇಲೊಂದು, ಬಂದ ಭಕ್ತರೊಡನೆ ಇನ್ನೊಂದು. ಜಪಕ್ಕೆ ಲೆಕ್ಕವಿಟ್ಟವನು ಕಾಫಿಗೆ ಲೆಕ್ಕವಿಟ್ಟಿರಲಿಲ್ಲ!

ಕಾಫಿಯಲ್ಲಿರುವ ಕೆಫೀನ್ ಎಂಬ ವಸ್ತುವು ದಣಿವಿನ ಸೂಚನೆಯು ಮಿದುಳಿಗೆ ಮುಟ್ಟದಂತೆ ತಡೆಯುತ್ತದೆ, ಅಡ್ರಿನಲಿನ್‌ನ್ನು ಹೆಚ್ಚಿಸುತ್ತದೆ. ಕುಡಿದ ಸುಮಾರು ಐದು ಗಂಟೆಗಳ ನಂತರವೂ ಅದರಲ್ಲಿ ಅರ್ಧಭಾಗ ರಕ್ತದಲ್ಲಿಯೇ ಉಳಿದಿರುತ್ತದೆ. ಸಂಜೆ ಐದಕ್ಕೆ ಕುಡಿದ ಲೋಟದ ಅರ್ಧವು ರಾತ್ರಿ ಹತ್ತಕ್ಕೂ ನಮ್ಮೊಳಗೆ ಜಾಗರಣೆ ಮಾಡುತ್ತಿರುತ್ತದೆ. ಕಾಫಿ ಎಲ್ಲರಿಗೂ ಹೀಗೆ ಮಾಡುವುದಿಲ್ಲ, ನಿಜ. ಆದರೆ ಕಳವಳದ ಪ್ರಕೃತಿಯವರಿಗೆ ಅದು ಉರಿಯುವ ಬೆಂಕಿಗೆ ತುಪ್ಪ. ನಮ್ಮ ಮನೆಗಳಲ್ಲಿ ಇನ್ನೊಂದು ಭ್ರಾಂತಿಯುಂಟು. ಏಕಾದಶಿಯ ಮಧ್ಯಾಹ್ನ ತಲೆ ಸಿಡಿಯತೊಡಗಿದರೆ ಉಪವಾಸದಿಂದ ಆಯಿತು ಎನ್ನುತ್ತೇವೆ. ನಿತ್ಯ ಕುಡಿಯುವವರಿಗೆ ಕಾಫಿ ತಪ್ಪಿದ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ತಲೆನೋವು ಆರಂಭವಾಗುವುದು ಸಹಜ. ದಶಮಿಯ ಮಧ್ಯಾಹ್ನದ ಕಾಫಿಯಿಂದ ಎಣಿಸಿ ನೋಡಿ! ಪಾಪ, ಹರಿದಿನವು ಕಾಫಿಯ ಅಪವಾದವನ್ನು ಹೊತ್ತಿದೆ. ಬಿಡುವವರು ಒಮ್ಮೆಲೇ ಬಿಡದೆ ವಾರಕ್ಕೊಂದು ಲೋಟದಂತೆ ಕಡಿಮೆ ಮಾಡಿದರೆ ಈ ತಲೆನೋವು ಬಾಧಿಸದು. ನಾನು ಈಗ ಬೆಳಗ್ಗೆ ಒಂದಕ್ಕೆ ನಿಂತಿದ್ದೇನೆ. ಆ ಒಂದನ್ನು ಬಿಡಿರೆಂದು ಯಾರೂ ನನಗೆ ಹೇಳಬಾರದು.

ಈ ಸಂದರ್ಭದಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳ ವಿಷಯವನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮಡಿಯುಟ್ಟು ಮುಂಜಾನೆಯಿಂದ ಅಡಿಗೆ ಮಾಡಿ, ದೇವರ ನೈವೇದ್ಯ, ವೈಶ್ವದೇವ, ಅತಿಥಿಗಳು, ಗಂಡಸರು ಎಲ್ಲರದೂ ಮುಗಿದ ಮೇಲೆ ಎರಡೂವರೆ ಗಂಟೆಗೆ ಎಲೆಯ ಮುಂದೆ ಕೂರುವ ತಾಯಂದಿರು ಇಂದಿಗೂ ಇದ್ದಾರೆ. ಅಲ್ಲಿಯವರೆಗೆ ಹೊಟ್ಟೆಯಲ್ಲಿರುವುದು ಕಾಫಿ ಮಾತ್ರ. ರಕ್ತದಲ್ಲಿ ಸಕ್ಕರೆಯ ಅಂಶ ಇಳಿದಾಗ ಶರೀರವು ಅದೇ ಅಡ್ರಿನಲಿನ್‌ನ್ನು ಸುರಿಸುತ್ತದೆ; ನಡುಕ, ಬೆವರು, ಎದೆಬಡಿತ ಬರುತ್ತವೆ. ಮೇಲಾಗಿ ಊಟದೊಡನೆ ಕುಡಿದ ಕಾಫಿ-ಚಹಾಗಳು ಅನ್ನದಲ್ಲಿಯ ಕಬ್ಬಿಣದ ಅಂಶವು ಮೈಗೆ ಹತ್ತದಂತೆ ಮಾಡುತ್ತವೆ. ಕಬ್ಬಿಣ ಸಾಲದೆ ರಕ್ತಹೀನತೆಯಾದರೆ ಮೆಟ್ಟಿಲು ಹತ್ತಿದರೂ ಎದೆ ಹೊಡೆದುಕೊಳ್ಳುತ್ತದೆ. ಇನ್ನು ಶುದ್ಧ ಸಸ್ಯಾಹಾರಿಗಳಾದ ನಮ್ಮಲ್ಲಿ ಬಿ-೧೨ ಎಂಬ ಜೀವಸತ್ತ್ವದ ಕೊರತೆ ವಿರಳವಲ್ಲ. ಹಾಲು ಮೊಸರುಗಳೇ ನಮಗೆ ಅದರ ಮುಖ್ಯ ಮೂಲ. ಅದು ಕಡಿಮೆಯಾದರೆ ಕೈಕಾಲು ಜೋಮು, ಆಯಾಸ, ಮರೆವು, ಸಿಡುಕು ಕಾಣಿಸಿಕೊಳ್ಳಬಹುದು. “ಅವಳಿಗೆ ಎಲ್ಲಕ್ಕೂ ಗಾಬರಿ” ಎಂದು ಮನೆಯವರು ನಗುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ, ಮಧ್ಯಾಹ್ನದ ಊಟವನ್ನು ಹನ್ನೆರಡು ಗಂಟೆಗೆ ತರಲು ಗಂಡಸರೂ ಅಡಿಗೆಮನೆಗೆ ಕೈಹಚ್ಚಲಿ. ಮಡಿ ಗಂಡಸರಿಗೂ ಉಂಟು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಸುಖದುಃಖಗಳೆಲ್ಲ ಪ್ರಾರಬ್ಧದಿಂದ ಬರುವವು. ಶ್ರೀಹರಿಯು ಕೊಟ್ಟುದನ್ನು ಅನುಭವಿಸುವುದು ಬಿಟ್ಟು ಪರೀಕ್ಷೆ, ಮಾತ್ರೆ, ಪಥ್ಯಗಳೇಕೆ? ದೇಹವನ್ನೇ ಇಷ್ಟು ಚಿಂತಿಸುವುದು ದೇಹಾಭಿಮಾನವಲ್ಲವೆ? ಎಂದು. ಸಮಾಧಾನ ಹೇಳುತ್ತೇವೆ. ಹಸಿವೂ ಪ್ರಾರಬ್ಧದಿಂದಲೇ ಬರುತ್ತದೆ. ಆದರೂ ಒಲೆ ಹೊತ್ತಿಸುತ್ತೇವೆ. ಜಗತ್ತು ಮಿಥ್ಯೆಯೆನ್ನುವವರಿಗೆ ವ್ಯಾಧಿಯೂ ಮಿಥ್ಯೆ, ಔಷಧವೂ ಮಿಥ್ಯೆಯಾದೀತು. ಜಗತ್ತು ಸತ್ಯವೆಂದು ಸಾಧಿಸಿದ ಸಿದ್ಧಾಂತದಲ್ಲಿ ಥೈರಾಯ್ಡ್ ಗ್ರಂಥಿಯೂ ಸತ್ಯ, ಅದರ ವಿಕಾರವೂ ಸತ್ಯ, ಅದನ್ನು ತಗ್ಗಿಸುವ ಮಾತ್ರೆಯ ಶಕ್ತಿಯೂ ಸತ್ಯ. ಆ ಶಕ್ತಿಯು ಅಸ್ವತಂತ್ರ, ಭಗವಂತನ ಅಧೀನ. ಇಷ್ಟೇ ವಿಶೇಷ. ಸಮುದ್ರಮಥನದಲ್ಲಿ ಅಮೃತಕಲಶವನ್ನು ಹಿಡಿದು ಬಂದ ಧನ್ವಂತರಿಯು ಸಾಕ್ಷಾತ್ ಶ್ರೀಹರಿಯ ರೂಪವೆಂದು ಒಪ್ಪಿ, ಅವನು ಪ್ರವರ್ತಿಸಿದ ವೈದ್ಯವನ್ನು ತಿರಸ್ಕರಿಸುವುದು ಸಂಗತವಲ್ಲ. ಶ್ರೀಮದಾಚಾರ್ಯರಾದರೂ ಬಾಲ್ಯದಲ್ಲಿ ಓಟ, ಈಜು, ಮಲ್ಲಯುದ್ಧಗಳಲ್ಲಿ ಎಲ್ಲರನ್ನೂ ಮೀರಿಸಿದವರೆಂದು ಸುಮಧ್ವವಿಜಯವು ವರ್ಣಿಸುತ್ತದೆ. ಶರೀರವನ್ನು ತುಚ್ಛೀಕರಿಸುವ ಮತ ನಮ್ಮದಲ್ಲ.

ಹಾಗೆಂದು ಎಲ್ಲ ಕಳವಳಗಳಿಗೂ ಶರೀರವೇ ಕಾರಣವೆಂದು ನಾನು ಹೇಳುತ್ತಿಲ್ಲ. ಉದ್ಯೋಗಪರ್ವದಲ್ಲಿ ಪ್ರಜಾಗರಪರ್ವವೆಂಬ ಒಂದು ಉಪಪರ್ವವಿದೆ. ನಿದ್ರೆ ಬಾರದಿರುವುದೇ ಅದರ ಹೆಸರು! ರಾತ್ರಿಯೆಲ್ಲ ಹೊರಳಾಡುತ್ತಿದ್ದ ಧೃತರಾಷ್ಟ್ರನು ವಿದುರನನ್ನು ಕರೆಸಿಕೊಳ್ಳುತ್ತಾನೆ. ಬಲಿಷ್ಠನ ಕೈಗೆ ಸಿಕ್ಕ ದುರ್ಬಲ, ಸೊತ್ತು ಕಳೆದುಕೊಂಡವನು, ಕಾಮಿ, ಕಳ್ಳ ಇಂಥವರಿಗೆ ನಿದ್ರೆ ಹತ್ತುವುದಿಲ್ಲ, ಅಣ್ಣಾ, ಇವುಗಳಲ್ಲಿ ಯಾವುದಾದರೂ ನಿನ್ನನ್ನು ಮುಟ್ಟಿಲ್ಲವಷ್ಟೆ ಎಂದು ವಿದುರನು ವಿನಯದಿಂದಲೇ ಚುಚ್ಚುತ್ತಾನೆ. ತಮ್ಮನ ಮಕ್ಕಳ ರಾಜ್ಯವನ್ನು ಹಿಡಿದಿಟ್ಟುಕೊಂಡವನಿಗೆ ಯಾವ ಗುಳಿಗೆಯೂ ಶಾಶ್ವತ ನಿದ್ರೆಯನ್ನು ತರಲಾರದು. ರಾಜ್ಯವನ್ನು ಹಿಂದಿರುಗಿಸುವುದೊಂದೇ ಅವನಿಗೆ ಚಿಕಿತ್ಸೆ. ಆದುದರಿಂದ ಕಳವಳಗೊಂಡವನು ಮೊದಲು ತನ್ನನ್ನೇ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು, ಇದು ಧೃತರಾಷ್ಟ್ರನ ಜಾಗರಣೆಯೋ ಅಥವಾ ಐದು ಗಂಟೆಯ ಕಾಫಿಯ ಜಾಗರಣೆಯೋ ಎಂದು. ನನ್ನ ಅನುಭವದಲ್ಲಿ ಬಹುಮಂದಿಗೆ ಎರಡರದೂ ಅಷ್ಟಷ್ಟು ಬೆರಕೆ ಇರುತ್ತದೆ.

ಈಗ ದಾರದ ವಿಷಯಕ್ಕೆ, ಎಂದರೆ ಪ್ರಾಣದ ವಿಷಯಕ್ಕೆ ಬರೋಣ. ಪ್ರತಿಯೊಂದು ಜೀವನಲ್ಲಿಯೂ ಮುಖ್ಯಪ್ರಾಣದೇವರು ನಿಂತು ಹಗಲಿರುಳೂ ಹಂಸಮಂತ್ರದ ಜಪವನ್ನು ನಡೆಸುತ್ತಾರೆಂದೂ ಅದರ ಸಂಖ್ಯೆ ದಿನಕ್ಕೆ ೨೧,೬೦೦ ಎಂದೂ ನಮ್ಮ ಸಂಪ್ರದಾಯ. ಶ್ರೀ ಜಗನ್ನಾಥದಾಸಾರ್ಯರು ಹರಿಕಥಾಮೃತಸಾರದಲ್ಲಿ ಇದಕ್ಕಾಗಿ ಶ್ವಾಸಸಂಧಿಯನ್ನೇ ರಚಿಸಿದ್ದಾರೆ. ದಿನಕ್ಕೆ ಅರವತ್ತು ಘಳಿಗೆ, ಘಳಿಗೆಗೆ ೩೬೦ ಶ್ವಾಸ. ಗಡಿಯಾರದ ಲೆಕ್ಕದಲ್ಲಿ ನಾಲ್ಕು ಸೆಕೆಂಡಿಗೆ ಒಂದು, ನಿಮಿಷಕ್ಕೆ ಹದಿನೈದು. ಆರೋಗ್ಯವಂತ ವಯಸ್ಕರಿಗೆ ವಿಶ್ರಾಂತಿಯಲ್ಲಿ ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಶ್ವಾಸಗಳೆಂದು ಇಂದಿನ ವೈದ್ಯರು ಹೇಳುತ್ತಾರೆ. ಹದಿನೈದು ಅದರ ನಡುಮಧ್ಯದಲ್ಲಿ ಬಂದು ಕೂತಿದೆ ನೋಡಿ.

ಭಯದ ಆವೇಗ ಬಂದಾಗ ಈ ಲೆಕ್ಕ ತಪ್ಪುತ್ತದೆ. ನಿಮಿಷಕ್ಕೆ ಇಪ್ಪತ್ತೈದು ಮೂವತ್ತರಂತೆ ಮೇಲುಸಿರು ಬಿಡುತ್ತೇವೆ. ಆಗ ರಕ್ತದಲ್ಲಿರಬೇಕಾದ ಇಂಗಾಲಾಮ್ಲವಾಯು ಮಿತಿಮೀರಿ ಹೊರಹೋಗಿ, ಮಿದುಳಿನ ರಕ್ತನಾಳಗಳು ಸಂಕುಚಿತವಾಗಿ ತಲೆ ಸುತ್ತುತ್ತದೆ. ತುಟಿ, ಬೆರಳುಗಳು ಜೋಮು ಹಿಡಿಯುತ್ತವೆ. ಉಸಿರು ಸಾಲದೆಂದು ತೋರಿ ಮತ್ತಷ್ಟು ಉಸಿರೆಳೆಯುತ್ತೇವೆ. ಅದರಿಂದಲೇ ಮತ್ತಷ್ಟು ಹೆಚ್ಚುತ್ತದೆ. ಇಂಥ ಆವೇಗವು ಸಾಧಾರಣವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಬಳಿಕ ತಾನಾಗಿ ಇಳಿಯುತ್ತದೆ. ಇದನ್ನು ತಿಳಿದಿರುವುದೇ ಅರ್ಧ ಔಷಧ. ಉಳಿದರ್ಧವು ರೇಚಕದಲ್ಲಿದೆ. ಮಿದುಳಿನ ಬುಡದಿಂದ ಹೃದಯ, ಜಠರಗಳವರೆಗೆ ಇಳಿದಿರುವ ವೇಗಸ್ ಎಂಬ ನರವು ಹೃದಯಕ್ಕೆ ಕಡಿವಾಣವಿದ್ದಂತೆ. ಉಸಿರನ್ನು ಹೊರಬಿಡುವಾಗ ಅದರ ಹಿಡಿತ ಬಿಗಿಯಾಗಿ ನಾಡಿಯು ನಿಧಾನವಾಗುತ್ತದೆ. ಆದುದರಿಂದ ಒಳಗೆಳೆಯುವುದಕ್ಕಿಂತ ಹೊರಬಿಡುವುದು ದೀರ್ಘವಾಗಿರಬೇಕು. ನಾಲ್ಕು ಎಣಿಸುವವರೆಗೆ ಎಳೆದು ಆರು ಎಣಿಸುವವರೆಗೆ ಮೆಲ್ಲಗೆ ಬಿಡಿ. ಸಂಖ್ಯೆಯ ಬದಲು ಭಗವನ್ನಾಮದಿಂದ ಎಣಿಸಿದರೆ ಇನ್ನೂ ಮೇಲು. ಹೃದ್ರೋಗ, ರಕ್ತದೊತ್ತಡಗಳುಳ್ಳವರು ಕುಂಭಕವನ್ನು ಬಹಳ ಹೊತ್ತು ಹಿಡಿಯಬಾರದು.

ಇದೇನು ಹೊಸದೇ? ಉಪನೀತನಾದ ಪ್ರತಿಯೊಬ್ಬನಿಗೂ ಸಂಧ್ಯಾವಂದನೆಯಲ್ಲಿ ಪ್ರಾಣಾಯಾಮವನ್ನು ಹಿರಿಯರು ಇಟ್ಟೇ ಇದ್ದಾರೆ. ನಾವು ಮಾಡುವುದೇನು? ಮೂಗಿಗೆ ಬೆರಳು ಮುಟ್ಟಿಸಿ, ಬಸ್ಸಿಗೆ ಹೊತ್ತಾಯಿತೆಂದು ತೆಗೆಯುತ್ತೇವೆ. ಮೂರು ಪ್ರಾಣಾಯಾಮಗಳು ಮೂರು ನಿಮಿಷ ಹಿಡಿದರೆ ಯಾವ ಕಚೇರಿಯೂ ಮುಳುಗದು.

ಗೀತೆಯ ಆರನೆಯ ಅಧ್ಯಾಯದಲ್ಲಿ, ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ, ಅತಿಯಾಗಿ ಮಲಗುವವನಿಗೂ ಎಚ್ಚರವಾಗಿಯೇ ಇರುವವನಿಗೂ ಯೋಗವು ಸಿದ್ಧಿಸದೆಂದು ಭಗವಂತನು ಹೇಳಿದ್ದಾನೆ. ಏಳು ಬೇನೆಗಳನ್ನು ಶರೀರದಿಂದ ಹೇಳಿಕೊಂಡ ಶಿಷ್ಯನಿಗೆ ಊಟ, ಓಡಾಟ, ಕೆಲಸ, ನಿದ್ರೆಗಳ ಹಿತಮಿತವನ್ನೂ ಆತ ಬೋಧಿಸಬೇಕಾಯಿತು. ನಮ್ಮಲ್ಲಿ ನಿದ್ರೆಯ ಲೆಕ್ಕ ಬಹಳ ಕೆಟ್ಟಿದೆ. ಬ್ರಾಹ್ಮೀಮುಹೂರ್ತವು ಸೂರ್ಯೋದಯಕ್ಕೆ ಒಂದು ಗಂಟೆ ಮೂವತ್ತಾರು ನಿಮಿಷ ಮೊದಲು ಆರಂಭವಾಗುತ್ತದೆ. ಆರಕ್ಕೆ ಸೂರ್ಯೋದಯವಾದರೆ ನಾಲ್ಕು ಇಪ್ಪತ್ತನಾಲ್ಕಕ್ಕೆ. ವಯಸ್ಕರಿಗೆ ಏಳು ಗಂಟೆ ನಿದ್ರೆ ಬೇಕೆಂದರೆ ಒಂಬತ್ತೂವರೆಗೆ ದೀಪ ಆರಿಸಬೇಕು. ಹನ್ನೆರಡರವರೆಗೆ ಕೈಯಲ್ಲಿ ಫೋನು ಹಿಡಿದು, ಅದರ ಬೆಳಕಿನಿಂದ ನಿದ್ರೆಯ ರಸ ಸುರಿಯುವುದನ್ನು ತಡೆದು, ಮತ್ತೆ ನಾಲ್ಕಕ್ಕೆ ಏಳುತ್ತೇನೆಂಬವನು ಮಾಡುವುದು ತಪಸ್ಸಲ್ಲ. ಬೇಗ ಏಳುವ ವ್ರತವು ಬೇಗ ಮಲಗುವಲ್ಲಿಂದ ಆರಂಭವಾಗುತ್ತದೆ. ಓಟಕ್ಕೆ ಸಜ್ಜಾಗಿ ಕುಳಿತ ಶರೀರಕ್ಕೆ ನಡಿಗೆಯೂ ಬೇಕು. ವಾರಕ್ಕೆ ೧೫೦ ನಿಮಿಷ ಚುರುಕಾಗಿ ನಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದೇವಾಲಯಕ್ಕೆ ಸ್ಕೂಟರಿನಲ್ಲಿ ಬಂದು ಒಂದು ಪ್ರದಕ್ಷಿಣೆ ಹಾಕಿ ಹೋಗುವವರು ನಡೆದೇ ಬಂದು ಹತ್ತು ಪ್ರದಕ್ಷಿಣೆ ಹಾಕಿದರೆ ಆಯಿತು. ಆಹಾರದ ವಿಷಯವನ್ನು ಹೆಚ್ಚು ಹೇಳಬೇಕಾಗಿಲ್ಲ. ಅತಿಯಾದ ಖಾರ, ಹುಳಿ, ಉಪ್ಪುಗಳ ರಾಜಸಾಹಾರವು ದುಃಖವನ್ನೂ ರೋಗವನ್ನೂ ತರುವುದೆಂದು ಗೀತೆಯ ಹದಿನೇಳನೆಯ ಅಧ್ಯಾಯವೇ ಎಚ್ಚರಿಸಿದೆ. ಹುಳಿತೇಗಿನಿಂದ ಬಂದ ಎದೆಯುರಿಯನ್ನು ಹೃದಯಾಘಾತವೆಂದು ತಿಳಿದು ನಡುಗಿದವರನ್ನು ನಾನು ಬಲ್ಲೆ. ಚಾತುರ್ಮಾಸ್ಯದ ವ್ರತಗಳು ನಾಲಗೆಗೆ ತರುವ ವಿರಾಮವನ್ನು ಈ ದೃಷ್ಟಿಯಿಂದಲೂ ನೋಡಬಹುದು.

ಏಕಾದಶಿಯ ನಿಯಮವನ್ನು ಸಡಿಲಿಸಿರೆಂದು ನಾನು ಹೇಳಿದೆನೆಂದು ಯಾರೂ ಭಾವಿಸಬಾರದು. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಅದರ ಮಹಿಮೆಯನ್ನು ಸಾರಿದ್ದಾರೆ. ಆದರೆ ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ವೈದ್ಯರನ್ನು ಕೇಳದೆ ನಿರ್ಜಲ ಉಪವಾಸ ಮಾಡಿದರೆ ಸಕ್ಕರೆ ಇಳಿದು ಪ್ರಾಣಕ್ಕೇ ಅಪಾಯ. ಔಷಧಸೇವನೆಯಿಂದ ವ್ರತಭಂಗವಾಗದೆಂಬ ಸ್ಮೃತಿವಚನವಿದೆ. ಅಂಥವರು ವೈದ್ಯರನ್ನೂ ತಮ್ಮ ಮಠದ ಹಿರಿಯರನ್ನೂ ಕೇಳಿ ನಡೆಯಲಿ.

ಇನ್ನು ಕೆಲವು ಮಾತುಗಳನ್ನು ಖಂಡಿತವಾಗಿ ಹೇಳಬೇಕು. ಮೊದಲ ಬಾರಿಗೆ ಎದೆನೋವು ಬಂದರೆ, ಅದು ತೋಳಿಗೋ ದವಡೆಗೋ ಹರಿದರೆ, ಇದು ಬರಿಯ ಗಾಬರಿಯೆಂದು ಪ್ರಾಣಾಯಾಮ ಮಾಡುತ್ತಾ ಕೂರದೆ ಆಸ್ಪತ್ರೆಗೆ ಧಾವಿಸಿ. ನಿದ್ರೆಯ ಅಥವಾ ಕಳವಳದ ಮಾತ್ರೆಗಳನ್ನು ಬಹುಕಾಲದಿಂದ ಸೇವಿಸುತ್ತಿರುವವರು ನನ್ನ ಮಾತು ಕೇಳಿ ಒಮ್ಮೆಲೇ ನಿಲ್ಲಿಸಬೇಡಿ. ಪರೀಕ್ಷೆಗಳೆಲ್ಲ ಸರಿಯಿದ್ದು, ನಿದ್ರೆ ಆಹಾರಗಳನ್ನು ತಿದ್ದಿಕೊಂಡರೂ ಕಳವಳ ಹೋಗದಿರುವವರೂ ಉಂಟು. ಅವರಿಗೆ ಮನೋವೈದ್ಯರ ಬಳಿ ಹೋಗಲು ನಾಚಿಕೆ ಬೇಡ. ಕಣ್ಣು ಮಂಜಾದರೆ ಕಣ್ಣಿನ ವೈದ್ಯರಲ್ಲಿಗೆ ಹೋಗುವುದಿಲ್ಲವೆ? ಜೀವವೇ ಬೇಡವೆನ್ನಿಸುವ ಯೋಚನೆ ಬಂದವರು ಆ ದಿನವೇ ಮನೆಯವರೊಡನೆ ಬಾಯಿಬಿಟ್ಟು ಹೇಳಬೇಕು. ಭಾರತ ಸರ್ಕಾರವು ೨೦೨೨ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ದೂರವಾಣಿ ನೆರವು ೧೪೪೧೬ ಎಂಬ ಸಂಖ್ಯೆಯಲ್ಲಿ ಹಗಲಿರುಳೂ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಹಾಗಾದರೆ ಭಕ್ತಿಗೆ ಇದರಲ್ಲಿ ಎಡೆಯೆಲ್ಲಿ? ಎಲ್ಲ ಕಡೆಯೂ ಎಡೆಯುಂಟು. ಸ್ವತಂತ್ರ, ಅಸ್ವತಂತ್ರ ಎಂಬ ಎರಡೇ ತತ್ತ್ವಗಳೆಂದು ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ಎಣಿಸಿದರು. ನಾಳೆಯನ್ನು ನಾನೇ ಹೊತ್ತು ನಡೆಸಬೇಕೆಂಬ ಭಾರವು ಅಸ್ವತಂತ್ರನು ಸ್ವತಂತ್ರನ ಹೊರೆಗೆ ಹೆಗಲು ಕೊಟ್ಟಂತೆ; ಆ ಹೆಗಲು ನೋಯದೆ ಇರದು. ಈ ಅನುಸಂಧಾನವು ಎಲ್ಲರಿಗೂ ಬೇಕು, ವ್ಯಾಧಿಯಿದ್ದವರಿಗೂ ಇಲ್ಲದವರಿಗೂ. ನಾನು ಮಾಡಿದ ತಪ್ಪು ಈ ಮಾತನ್ನು ಹೇಳಿದುದಲ್ಲ. ಎದೆ ನಡುಗುತ್ತಿದ್ದವರಿಗೆ ವೈದ್ಯರ ಬದಲಾಗಿ ಹೇಳಿದುದು ತಪ್ಪು. ಸಮಾಧಾನವಾಗಿ ಹೇಳಬೇಕಾದುದನ್ನು ಆಪಾದನೆಯಾಗಿ ಹೇಳಿದುದು ಅದಕ್ಕಿಂತ ದೊಡ್ಡ ತಪ್ಪು.

ಆ ತಾಯಿ ಈಗಲೂ ಉಪನ್ಯ್ಯಾಸಕ್ಕೆ ತಪ್ಪದೆ ಬರುತ್ತಾರೆ. ವಾಯುಸ್ತುತಿಯ ಪಾರಾಯಣವೂ ನಡೆದಿದೆ, ಬೆಳಗಿನ ಮಾತ್ರೆಯೂ ನಡೆದಿದೆ. ಇಂದಿನ ವಿಷಯವನ್ನು ಹೇಳಬೇಕೆಂದಿದ್ದೇನೆಂದು ತಿಳಿಸಿ, ಅವರ ಪ್ರಸಂಗವನ್ನು ಹೆಸರಿಲ್ಲದೆ ಹೇಳಲು ಅಪ್ಪಣೆ ಕೇಳಿದೆ. ಒಪ್ಪಿದರು. ಸ್ವಲ್ಪ ತಡೆದು, “ಆಚಾರ್ಯರೇ, ಒಂಬತ್ತೂವರೆಗೆ ಮಲಗಬೇಕೆಂದು ತಾವು ಹೇಳುತ್ತೀರಿ. ತಮ್ಮ ಉಪನ್ಯಾಸ ಮುಗಿಯುವುದೇ ಒಂಬತ್ತಕ್ಕೆ. ನಾವು ಮನೆಗೆ ಹೋಗಿ ಬಡಿಸುವುದು ಯಾವಾಗ?” ಎಂದರು. ಉತ್ತರ ತೋಚಲಿಲ್ಲ. ಆದುದರಿಂದ ನಾಳೆಯಿಂದ ಉಪನ್ಯಾಸವು ಸಂಜೆ ಆರು ಗಂಟೆಗೆ ಆರಂಭವಾಗಿ ಏಳೂಕಾಲಿಗೆ ಮುಗಿಯುವುದು. ಮಂಗಳಾರತಿಯ ನಂತರ ಕಾಫಿಯ ವಿನಿಯೋಗವಿರುವುದಿಲ್ಲ; ಬಿಸಿ ಹಾಲನ್ನು ಕೊಡಲಾಗುವುದು, ಕ್ಷೀರವ್ರತದ ತಿಂಗಳಿನಲ್ಲಿ ಮಜ್ಜಿಗೆ.

॥ ಶ್ರೀಕೃಷ್ಣಾರ್ಪಣಮಸ್ತು ॥